ಮೆನುವಿನಲ್ಲಿ ವರ್ಷವಿಡೀ ಕಳಲೆ

ಮಾರ್ಚ್ ತಿಂಗಳಲ್ಲಿ ಮಲೆನಾಡಿನ ಯಾವುದಾದರೂ ಹೋಟೆಲಿನಲ್ಲಿ "ತಾಜಾ ಕಳಲೆ ಪಲ್ಯ ಇದೆ ಸರ್" ಎಂದರೆ ಖುಷಿಪಡುವ ಮೊದಲು ಸ್ವಲ್ಪ ಅನುಮಾನಪಡಿ. ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಏಳುವುದು ಮಳೆ ಹಿಡಿದು ಬಿದಿರುಮೆಳೆಯ ಬುಡ ಚೆನ್ನಾಗಿ ನೆನೆದ ಮೇಲೆ. ಬೇಸಿಗೆಯಲ್ಲಿ ತಟ್ಟೆಗೆ ಬರುವುದು ಒಂದೋ ಉಪ್ಪುನೀರಿನಲ್ಲಿ ಹಾಕಿಟ್ಟದ್ದು, ಇಲ್ಲವೇ ಎಲ್ಲಿಂದಲೋ ಬಂದ ಡಬ್ಬಿಯದ್ದು. ಉಪ್ಪುನೀರಿನದ್ದಾದರೆ ನನ್ನ ತಕರಾರಿಲ್ಲ, ಎಷ್ಟೋ ಮನೆಗಳ ಭರಣಿಯಲ್ಲಿ ಅದು ಇದ್ದೇ ಇರುತ್ತದೆ. ಹಾಗೆಂದು ಹೇಳಿ ಬಡಿಸಲಿ, ಅಷ್ಟೇ.

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗಿ, ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ ಹೋಗಿ, "ಮಲೆನಾಡು ಶೈಲಿಯ ಊಟ" ಎಂಬ ಫಲಕಗಳಿಗೆ ಈಗ ಬರವಿಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಜೋಗ, ಆಗುಂಬೆ, ಕುಪ್ಪಳಿ ನೋಡಲು ಬಂದವರು ಮಧ್ಯಾಹ್ನ ಹಸಿದುಕೊಂಡು ಎಲ್ಲೋ ಕಾರು ನಿಲ್ಲಿಸಲೇಬೇಕಲ್ಲ. ಬಂದವರಿಗೆ ಇಲ್ಲಿಯದ್ದೇನಾದರೂ ತಿನ್ನುವ ಆಸೆ, ಹೋಟೆಲಿನವರಿಗೆ ವ್ಯಾಪಾರ. ಇದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ, ತಟ್ಟೆ ಬರುವವರೆಗೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನೆಂಟರನ್ನು ಕರೆದುಕೊಂಡು ಅಂಥದ್ದೊಂದು ಹೋಟೆಲಿಗೆ ಹೋಗಿದ್ದೆ. ಯಾವುದೆಂದು ಕೇಳಬೇಡಿ. ಮದುವೆ ಆಲ್ಬಮ್ಮಿನಷ್ಟು ದಪ್ಪದ ಮೆನು ಬಂತು. ಮೊದಲ ಪುಟದಲ್ಲಿ ಕಡುಬು, ಪತ್ರೊಡೆ, ಕಳಲೆ, ಅಕ್ಕಿ ರೊಟ್ಟಿ. ಅಲ್ಲಿಂದಾಚೆ ಕೊನೆಯವರೆಗೂ ಪನೀರು, ಮಂಚೂರಿ, ಬಿರಿಯಾನಿ. ನೆಂಟರು ಆಸೆಯಿಂದ ಪತ್ರೊಡೆ ಹೇಳಿದರು. ಕೆಸುವಿನ ಎಲೆಗೆ ಅರೆದ ಅಕ್ಕಿ ಮಸಾಲೆ ಹಚ್ಚಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಬಂದದ್ದು ಕೆಂಪು ಗ್ರೇವಿಯಲ್ಲಿ ಮುಳುಗಿದ ಹಸಿರು ಸುರುಳಿ. ಬಾಯಿಗಿಟ್ಟ ಕೂಡಲೇ ಇದು ಕೆಸುವಲ್ಲ ಎಂದು ಗೊತ್ತಾಯಿತು, ಪಾಲಕ್ ಇರಬೇಕು. "ಇದು ಯಾವ ಎಲೆ ತಮ್ಮಾ?" ಎಂದು ಬಡಿಸುವ ಹುಡುಗನನ್ನು ಕೇಳಿದೆ. ಅವನು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಪತ್ರೊಡೆ ಎಲೆ ಸರ್" ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಆ ಎಲೆಯನ್ನು ಎಲ್ಲಿ ನೋಡಬೇಕಿತ್ತು?

ಹೊರಡುವಾಗ ಗಲ್ಲಾದಲ್ಲಿದ್ದ ಮಾಲೀಕರೊಂದಿಗೆ ಮಾತಿಗೆ ನಿಂತೆ. "ಮಾರಾಯರೇ, ಮಳೆಗಾಲದ ತಿಂಡಿಯನ್ನು ಈಗ ಯಾಕೆ ಮೆನುವಿನಲ್ಲಿ ಇಟ್ಟಿದ್ದೀರಿ?" ಎಂದರೆ ಅವರು ನಕ್ಕರು. "ಮೆನುವಿನಲ್ಲಿ ಇದ್ದದ್ದನ್ನು ಇಲ್ಲ ಎಂದರೆ ಗಿರಾಕಿ ಎದ್ದು ಹೋಗುತ್ತಾರೆ. ಹೊರಗಿನ ಬೋರ್ಡಿಗೆ ಮಲೆನಾಡು ಎಂದು ಬರೆಸಿ ಮೆನುವಿನಲ್ಲಿ ಏನೂ ಇಡದಿದ್ದರೂ ಎದ್ದು ಹೋಗುತ್ತಾರೆ. ನೀವೇ ಹೇಳಿ, ಏನು ಮಾಡಲಿ?"

ಆ ಪ್ರಶ್ನೆ ಸುಳ್ಳಲ್ಲ. ನಮ್ಮ ಕಡೆಯ ಅಡುಗೆ ಹೋಟೆಲಿಗೆ ಒಗ್ಗುವಂಥದ್ದಲ್ಲ. ಘಟ್ಟದ ಕೆಳಗಿನಿಂದ ಬಂದವರು ನಮ್ಮ ಪೇಟೆಗಳಲ್ಲಿ ಹೋಟೆಲು ಇಟ್ಟಾಗ ಇಡ್ಲಿ, ದೋಸೆ, ಗೋಳಿಬಜೆ, ಬನ್ಸ್ ಮಾಡಿದರು. ಅಕ್ಕಿ, ಉದ್ದು, ಮೈದಾ, ಬಾಳೆಹಣ್ಣು, ತೆಂಗಿನಕಾಯಿ: ಎಲ್ಲವೂ ಹನ್ನೆರಡು ತಿಂಗಳೂ ಸಿಗುವ ಸಾಮಾನು. ಅದಕ್ಕೇ ಗೋಡೆಯ ಮೇಲಿನ ತಿಂಡಿಪಟ್ಟಿ ದಶಕಗಟ್ಟಲೆ ಬದಲಾಗದೆ ಉಳಿಯಿತು, ಬೆಲೆಯ ಅಂಕಿ ಮಾತ್ರ ಬದಲಾಯಿತು. ಅವರು ಯಾವತ್ತೂ ಇದು ನಿಮ್ಮ ಅಜ್ಜಿಯ ಅಡುಗೆ ಎಂದು ಹೇಳಿಕೊಳ್ಳಲಿಲ್ಲ. ಶಿವಮೊಗ್ಗದ ಖಾನಾವಳಿಗಳೂ ಹಾಗೆಯೇ. ನಮ್ಮದು ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯ ಊರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಲ್ಲಿಗೆ ಹೊರಗಿನದ್ದಲ್ಲ. ರೊಟ್ಟಿ ಬಡಿಯುವ ಅಮ್ಮ ತನಗೆ ಗೊತ್ತಿದ್ದನ್ನು ಬಡಿಯುತ್ತಾಳೆ, ನಾವು ಹೊಟ್ಟೆ ತುಂಬ ತಿಂದು ಬರುತ್ತೇವೆ.

ಮಲೆನಾಡಿನ ಅಡುಗೆಗೆ ಹಾಗಲ್ಲ, ತಿಥಿ ಮಿತಿ ಬೇಕು. ಕಳಲೆಯನ್ನೇ ನೋಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿ, ಚೆನ್ನಾಗಿ ಬೇಯಿಸದೆ ತಿನ್ನುವಂತಿಲ್ಲ. ಭಾನುವಾರ ಬರುವ ಗಿರಾಕಿಗಾಗಿ ಗುರುವಾರವೇ ನೆನೆಹಾಕಬೇಕು. ಕಾಡಿಗೆ ನುಗ್ಗಿ ಕಳಲೆ ಮುರಿಯಲು ಅರಣ್ಯ ಕಾನೂನು ಬಿಡುವುದಿಲ್ಲ, ಆದ್ದರಿಂದ ತೋಟದಂಚಿನಲ್ಲಿ ಸ್ವಂತ ಮೆಳೆ ಇರುವವರೇ ಕೊಡಬೇಕು. ಕೆಸುವಿನದು ಇನ್ನೊಂದು ಕಥೆ. ಎಲೆಯೊಳಗಿನ ಆಕ್ಸಲೇಟ್ ಸೂಜಿಗಳು ಗಂಟಲು ತುರಿಸುತ್ತವೆ, ಅದಕ್ಕೇ ಅರೆದ ಅಕ್ಕಿ ಮಸಾಲೆಗೆ ಹುಣಸೆಹುಳಿ ಧಾರಾಳವಾಗಿ ಬೀಳಬೇಕು ಎನ್ನುತ್ತಾರೆ ಮನೆಯ ಹಿರಿಯರು. ಹಬೆಯಲ್ಲಿ ಬೇಯುವುದಕ್ಕೂ ಅವಸರ ಮಾಡುವಂತಿಲ್ಲ. ಮಳೆಗಾಲದಲ್ಲಿ ಮರದ ಕೊಂಬೆಯ ಮೇಲೆ ಹುಟ್ಟುವ ಮರಕೆಸು ಸಿಕ್ಕಿದರಂತೂ ಆ ಪತ್ರೊಡೆಯ ರುಚಿಯೇ ಬೇರೆ. ಅದನ್ನು ಕೊಯ್ಯಲು ಮರ ಹತ್ತುವವರು ಬೇಕು, ಜಾರುವ ಮಳೆಯಲ್ಲಿ. ತಂಬುಳಿ ಇನ್ನೂ ನಾಜೂಕು. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿ ಜೀರಿಗೆಯ ಜೊತೆ ಅರೆದು ಮಜ್ಜಿಗೆಗೆ ಬೆರೆಸಿ ಆ ಹೊತ್ತಿಗೇ ಉಣ್ಣಬೇಕು. ಸಂಜೆಗೆ ಹುಳಿಯಾಗುತ್ತದೆ, ಬಿಸಿ ಮಾಡಿದರೆ ಒಡೆಯುತ್ತದೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನಿನ ಸಾರಂತೂ ಎಣಿಸಿದಷ್ಟು ದಿನಗಳ ಭಾಗ್ಯ.

ಇನ್ನೊಂದು ಮಾತು. ಮಲೆನಾಡು ಊಟ ಎಂಬ ಒಂದೇ ಊಟ ಇಲ್ಲವೇ ಇಲ್ಲ. ಹವ್ಯಕರ ಮನೆಯ ಅಪ್ಪೆಹುಳಿ, ತಂಬುಳಿ ಒಂದು ದಾರಿ. ಒಕ್ಕಲಿಗರ ಮನೆಯ ಕಡುಬು, ನಾಟಿಕೋಳಿ ಸಾರು ಇನ್ನೊಂದು. ಸಾಗರ, ಸೊರಬದ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಬೇಯುವ, ಭೂಮಿತಾಯಿಗೆ ಬಡಿಸುವ ಚರಗದ ಅಡುಗೆ ಮತ್ತೊಂದು. ಆ ಅಡುಗೆಯಂತೂ ಮೊದಲು ಗದ್ದೆಗೆ, ಆಮೇಲೆ ಮನುಷ್ಯರಿಗೆ. ಇವೆಲ್ಲವನ್ನೂ ಒಂದೇ ಪುಟಕ್ಕೆ ತುಂಬಿ, ಮೇಲೊಂದು ಹಂಚಿನ ಮನೆಯ ಚಿತ್ರ ಹಾಕಿ "ಸ್ಪೆಷಲ್ ಥಾಲಿ" ಎಂದು ಕರೆದರೆ ನಾಲಿಗೆಗೆ ಯಾವ ಮನೆಯೂ ಸಿಗುವುದಿಲ್ಲ.

ಅಡುಗೆಮನೆಯೊಳಗಿನವರು ಹೊರರಾಜ್ಯದವರು, ಅದಕ್ಕೇ ರುಚಿ ಕೆಟ್ಟಿತು ಎಂದು ಗೊಣಗುವವರನ್ನೂ ಕೇಳಿದ್ದೇನೆ. ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಬಿದಿರಿನ ಮೊಳಕೆ ಅಸ್ಸಾಂ, ಮಣಿಪುರ, ನಾಗಾಲ್ಯಾಂಡಿನ ಮನೆಗಳಲ್ಲಿ ಬಳಕೆಯ ಅಡುಗೆ. ಕಳಲೆಯ ವಿಷಯದಲ್ಲಿ ಅಲ್ಲಿಯ ಹುಡುಗನಿಗೆ ನಮ್ಮ ಮಾಲೀಕರಿಗಿಂತ ಹೆಚ್ಚು ಗೊತ್ತಿದ್ದರೆ ನನಗೆ ಆಶ್ಚರ್ಯವಿಲ್ಲ. ಅವನನ್ನು ಯಾರೂ ಕೇಳಿಲ್ಲ, ಫ್ರೈಡ್ ರೈಸ್ ಬಾಣಲೆಯ ಮುಂದೆ ನಿಲ್ಲಿಸಿದ್ದಾರೆ.

ನನ್ನ ಸಲಹೆ ಬಹಳ ಸರಳ. ಆ ಮೊದಲ ಪುಟವನ್ನು ಹರಿದುಹಾಕಿ. ಬಾಗಿಲಲ್ಲಿ ಒಂದು ಕರಿಹಲಗೆ ಇಡಿ. ಇವತ್ತು ಏನು ಬಂದಿದೆಯೋ ಅದನ್ನು ಸೀಮೆಸುಣ್ಣದಲ್ಲಿ ಬರೆಯಿರಿ: ಪತ್ರೊಡೆ, ಇಪ್ಪತ್ತು ಪ್ಲೇಟು ಮಾತ್ರ. ಮುಗಿದರೆ ಅಳಿಸಿ. ಹಲಸಿನ ಹಣ್ಣಿನ ಕಾಲಕ್ಕೆ ಕಡುಬು, ಆಲೆಮನೆಯ ಕಾಲಕ್ಕೆ ಕಬ್ಬಿನ ಹಾಲಿನ ತೊಡೆದೇವು. ಮಿಡಿ ಉಪ್ಪಿನಕಾಯಿಗೆ ಮಾತ್ರ ವರ್ಷವಿಡೀ ಪರವಾನಗಿ, ಅದು ಇರುವುದೇ ಅದಕ್ಕಾಗಿ. ಹಳ್ಳಿಯಿಂದ ಎಲೆ, ಸೊಪ್ಪು ತರುವ ಹೆಂಗಸರಿಗೆ ವಾರದ ಮೊದಲೇ ಹೇಳಿಡಿ, ಕೈಯಲ್ಲೇ ಹಣ ಕೊಡಿ. ಬೇಕಾದರೆ ಪತ್ರೊಡೆಯನ್ನೂ ಅವರಿಂದಲೇ ಮಾಡಿಸಿ ತರಿಸಿ. ಹೋಟೆಲಿನ ಒಲೆಯಲ್ಲೇ ಬೇಯಬೇಕೆಂದು ನಾವೇನೂ ಹಟ ಹಿಡಿದಿಲ್ಲ.

ಇದು ನಡೆಯಬೇಕಾದರೆ ಗಿರಾಕಿಗಳೂ ಸ್ವಲ್ಪ ಬದಲಾಗಬೇಕು. "ಇಲ್ಲ, ಖಾಲಿಯಾಯಿತು" ಎಂಬ ಉತ್ತರ ಕೇಳಿದರೆ ನಮಗೆ ಅವಮಾನವಾದಂತೆ ಆಗುತ್ತದೆ, ಮೊಬೈಲ್ ತೆಗೆದು ಒಂದು ನಕ್ಷತ್ರ ಕೊಟ್ಟುಬಿಡುತ್ತೇವೆ. ಪನೀರ್ ಬಟರ್ ಮಸಾಲೆಗೆ ಹೇಳಿದ ಬೆಲೆ ತೆರುವವರೇ ಪತ್ರೊಡೆಯ ಬೆಲೆ ಕೇಳಿ, "ಸೊಪ್ಪಿಗೆ ಇಷ್ಟಾ?" ಎನ್ನುತ್ತಾರೆ. ಮರ ಹತ್ತಿದವರ, ಎಲೆಯ ನಾರು ತೆಗೆದವರ, ಅರೆದವರ ಕೂಲಿಯನ್ನು ಲೆಕ್ಕ ಹಾಕಿದರೆ ಪನೀರಿನದ್ದೇ ದುಬಾರಿಯೆನಿಸೀತು. ಊರಿನವರೇ ಆದ ನಾವಂತೂ ಇನ್ನೂ ವಿಚಿತ್ರ. ಮನೆಯಲ್ಲಿ ಮಾಡುವುದನ್ನು ಹೋಟೆಲಿನಲ್ಲಿ ಯಾರಾದರೂ ತಿನ್ನುತ್ತಾರೆಯೇ ಎಂದು ಗೋಬಿ ಮಂಚೂರಿ ತರಿಸುತ್ತೇವೆ. ಮನೆಯಲ್ಲಿ ಈಗ ಎಷ್ಟು ಜನ ಪತ್ರೊಡೆ ಮಾಡುತ್ತಿದ್ದಾರೆ ಎಂಬುದನ್ನು ಕೈಯೆತ್ತಿ ಹೇಳಲಿ ನೋಡೋಣ.

ಮಂಚೂರಿಯ ಮೇಲೆ ನನಗೆ ದ್ವೇಷವಿದೆ ಎಂದುಕೊಳ್ಳಬೇಡಿ. ಮಳೆಯ ಸಂಜೆ ಗಾಡಿಯ ಮುಂದೆ ನಿಂತು ತಿನ್ನುವುದರಲ್ಲಿ ಸುಖವಿದೆ. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ, ಪರೀಕ್ಷೆಗೆ ಕಳಿಸಿದ್ದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ವರದಿ ಬಂದಿತ್ತು. ಬಣ್ಣದ ಗೋಬಿಯನ್ನು ಅಷ್ಟು ವರ್ಷ ನಂಬಿ ತಿಂದವರು ಹಲಗೆಯ ಮೇಲೆ ಬರೆದ ತಂಬುಳಿಯನ್ನು ಒಂದು ದಿನ ನಂಬಿ ನೋಡಬಹುದು.

ವರ್ಷವಿಡೀ ಮಾಡಿ ಎಂದು ಯಾರನ್ನೂ ಪೀಡಿಸುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಮಳೆ ಇರುವಷ್ಟು ದಿನ, ಶಿವಮೊಗ್ಗದ ನಾಲ್ಕು ಹೋಟೆಲುಗಳು ಹಲಗೆ ಇಟ್ಟರೂ ಸಾಕು. ಮಿಕ್ಕ ತಿಂಗಳುಗಳಲ್ಲಿ ಮಂಚೂರಿಯನ್ನೇ ಮಾರಿಕೊಳ್ಳಲಿ, ಬಣ್ಣ ಹಾಕದೆ.