ಬಿರುಗಾಳಿಯಲ್ಲಿ ತೋಳಕ್ಕೇನು ಕೆಲಸ?

ಬಿರುಗಾಳಿ ಸಿನಿಮಾ ನೋಡಲು ಕೂತವರಿಗೆ ಬೇಕಾಗಿರುವುದು ಬಿರುಗಾಳಿ. ಇದೇನು ದೊಡ್ಡ ಬೇಡಿಕೆಯಲ್ಲ. ಆದರೆ ಹಾಲಿವುಡ್ಡಿನವರು ಅದನ್ನು ಸುಮ್ನೆ ಕೊಟ್ಟುಬಿಡುವುದಿಲ್ಲ. ಹೀರೋಗೂ ಅವನ ಹೆಂಡತಿಗೂ ಯಾಕೆ ಸರಿಯಿಲ್ಲ, ಮಗ ಯಾಕೆ ಮುಖ ಕೊಟ್ಟು ಮಾತಾಡುವುದಿಲ್ಲ, ಎಲ್ಲ ಮೊದಲು ತಿಳಿಯಬೇಕು. ಅಷ್ಟರಲ್ಲಿ ನಮ್ಮ ಪಾಪ್‌ಕಾರ್ನ್ ಖಾಲಿ.

2004ರ ‘ದಿ ಡೇ ಆಫ್ಟರ್ ಟುಮಾರೋ’ ಟೀವಿಯಲ್ಲಿ ಬಂದಾಗಲೆಲ್ಲ ನಾನು ನೋಡುತ್ತೇನೆ. ಬೈದುಕೊಂಡೇ ನೋಡುತ್ತೇನೆ. ರೋಲಂಡ್ ಎಮೆರಿಕ್ ನಿರ್ದೇಶನದ ಈ ಸಿನಿಮಾದ ಶುರು ಎಷ್ಟು ಚೆನ್ನಾಗಿದೆ! ಅಂಟಾರ್ಕ್ಟಿಕಾದ ಲಾರ್ಸನ್ ಬಿ ಹಿಮಹಾಸು ವಿಜ್ಞಾನಿಗಳ ಕಾಲ ಕೆಳಗೇ ಬಿರುಕು ಬಿಡುತ್ತದೆ. (ನಿಜವಾದ ಲಾರ್ಸನ್ ಬಿ 2002ರಲ್ಲೇ ಚೂರುಚೂರಾಗಿತ್ತು.) ದೆಹಲಿಯಲ್ಲಿ ಹಿಮ ಬೀಳುತ್ತದೆ. ಟೋಕಿಯೋದಲ್ಲಿ ದಪ್ಪ ದಪ್ಪ ಆಲಿಕಲ್ಲು. ಲಾಸ್ ಏಂಜಲಿಸ್‌ನಲ್ಲಿ ಸುಂಟರಗಾಳಿ ಬಂದು ಹಾಲಿವುಡ್ ಅನ್ನುವ ಬೋರ್ಡನ್ನೇ ಕಿತ್ತೆಸೆಯುತ್ತದೆ. ಸಿನಿಮಾದವರು ತಮ್ಮ ಬೋರ್ಡನ್ನು ತಾವೇ ಮುರಿದುಕೊಂಡರಲ್ಲ, ಅದಕ್ಕೆ ಪೂರ್ತಿ ಮಾರ್ಕ್ಸು.

ಆಮೇಲೆ ಸಮುದ್ರ ನ್ಯೂಯಾರ್ಕಿಗೆ ನುಗ್ಗುತ್ತದೆ. ಹುಡುಗರು ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕಿಬೀಳುತ್ತಾರೆ. ಹೊರಗೆ ಎಲ್ಲವೂ ಹೆಪ್ಪುಗಟ್ಟುತ್ತಿದೆ. ಇಷ್ಟು ಸಾಲದೇ? ಸಾಲದಂತೆ. ಆ ಹುಡುಗರಲ್ಲೊಬ್ಬ ಸ್ಯಾಮ್. ಅವನಿಗೆ ಜೊತೆಯಲ್ಲಿರುವ ಲಾರಾ ಮೇಲೆ ಪ್ರೀತಿ. ಲಾರಾಳ ಕಾಲಿಗೆ ಗಾಯ. ಗಾಯದಿಂದ ರಕ್ತಕ್ಕೆ ನಂಜು. ನಂಜಿಗೆ ಪೆನಿಸಿಲಿನ್ ಬೇಕು. ಅದಕ್ಕೇ ಇರಬೇಕು, ಒಂದು ರಷ್ಯನ್ ಹಡಗು ತೇಲಿಕೊಂಡು ಬೀದಿಗೇ ಬಂದು ನಿಂತಿರುತ್ತದೆ. ಔಷಧಿ ತರಲು ಹೋದರೆ ಅಲ್ಲಿ ತೋಳಗಳು! ಮೃಗಾಲಯದಿಂದ ತಪ್ಪಿಸಿಕೊಂಡವಂತೆ. ಅರ್ಧ ಭೂಮಿ ಮಂಜಾಗುತ್ತಿರುವಾಗ ತೋಳ ಅಟ್ಟಿಸಿಕೊಂಡು ಬಂತು ಅಂತ ನಾವು ಹೆದರಬೇಕು. ಇತ್ತ ಸ್ಯಾಮ್‌ನ ಅಪ್ಪ ಫಿಲಡೆಲ್ಫಿಯಾದಿಂದ ಹಿಮದಲ್ಲಿ ನಡೆದು ಬರುತ್ತಿದ್ದಾನೆ. ಅತ್ತ ಡಾಕ್ಟರಮ್ಮ ಅಮ್ಮ ಕ್ಯಾನ್ಸರ್ ಪೀಡಿತ ಮಗುವಿನ ಹಾಸಿಗೆ ಪಕ್ಕ ಕೂತಿದ್ದಾಳೆ. ಬಿರುಗಾಳಿ ಪಾಪ, ತನ್ನ ಸರದಿಗೆ ಕಾಯುತ್ತಿದೆ.

ವಿಜ್ಞಾನದ ತಪ್ಪುಗಳನ್ನು ನಾನು ಮನ್ನಿಸಿಬಿಡುತ್ತೇನೆ. ವಾತಾವರಣದ ಮೇಲುಮೇಲಿನ ಗಾಳಿ ರಭಸವಾಗಿ ಕೆಳಗಿಳಿದು ಹೆಲಿಕಾಪ್ಟರಿನ ಇಂಧನವನ್ನೂ ಹೆಪ್ಪುಗಟ್ಟಿಸಿತು ಅನ್ನುತ್ತಾರೆ. ನಿಜದಲ್ಲಿ ಗಾಳಿ ಕೆಳಗಿಳಿದರೆ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಇರಲಿ ಬಿಡಿ, ನೋಡಲು ಚೆನ್ನಾಗಿತ್ತು. ತೋಳವನ್ನು ಮಾತ್ರ ಮನ್ನಿಸಲಾರೆ.

ಹಾಗಂತ ಮನುಷ್ಯರ ಕಥೆಯೇ ಬೇಡ ಅಂತಲ್ಲ. ಅದೇ ಗ್ರಂಥಾಲಯದಲ್ಲಿ ಚಳಿಗೆ ಪುಸ್ತಕ ಸುಡುತ್ತಾರೆ. ಜರ್ಮನ್ ತತ್ವಜ್ಞಾನಿ ನೀಷೆಯ ಪುಸ್ತಕವನ್ನು ಸುಡಬಹುದೋ ಬಾರದೋ ಅಂತ ಜಗಳವಾಗುತ್ತದೆ. ಅಷ್ಟರಲ್ಲಿ ಒಬ್ಬ, ಕೆಳಗೆ ತೆರಿಗೆ ಕಾನೂನಿನ ಪುಸ್ತಕಗಳ ವಿಭಾಗವೇ ಇದೆಯಲ್ಲ ಅನ್ನುತ್ತಾನೆ. ಇನ್ನೊಬ್ಬ, ಯುರೋಪಿನಲ್ಲಿ ಅಚ್ಚಿನ ಮೊಳೆಯಿಂದ ಮುದ್ರಿಸಿದ ಮೊದಲ ದೊಡ್ಡ ಪುಸ್ತಕವಾದ ಗುಟೆನ್‌ಬರ್ಗ್ ಬೈಬಲ್ಲನ್ನು ಎದೆಗವಚಿಕೊಂಡು ಕೂತಿರುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಈ ಜಗಳ ಹುಟ್ಟಿದ್ದೇ ಚಳಿಯಿಂದ. ತೋಳ ಹಾಗಲ್ಲ. ಅದು ಬರಹಗಾರರ ಜೇಬಿನಿಂದ ಬಂದದ್ದು.

ಇನ್ನು ‘ಟ್ವಿಸ್ಟರ್’, 1996ರದ್ದು. ಅಲ್ಲಿ ಹೀರೋ ಬರುವುದೇ ವಿಚ್ಛೇದನದ ಕಾಗದಕ್ಕೆ ಹೆಂಡತಿಯ ಸಹಿ ಹಾಕಿಸಲು. ಜೊತೆಗೆ ಮದುವೆಯಾಗಬೇಕಾದ ಹುಡುಗಿಯನ್ನೂ ಕರೆತಂದಿದ್ದಾನೆ. ಹಸು ಗಾಳಿಯಲ್ಲಿ ಹಾರಿಹೋಗುವಾಗಲೂ ಕಾಗದದ ಚಿಂತೆ ತಪ್ಪುವುದಿಲ್ಲ. ಈ ಸಿನಿಮಾಗಳಲ್ಲಿ ಹವಾಮಾನ ತಿಳಿದವರ ಸಂಸಾರ ಯಾಕೆ ಯಾವಾಗಲೂ ಮುರಿದಿರುತ್ತದೋ! ಸುಂಟರಗಾಳಿಯೇ ಹಿರಿಯರ ಹಾಗೆ ನಡುವೆ ನಿಂತು ರಾಜಿ ಮಾಡಿಸಬೇಕು. ನನ್ನ ಕನಿಕರವೆಲ್ಲ ಆ ಹೊಸ ಹುಡುಗಿಯ ಮೇಲೆ. ಇದೆಲ್ಲ ನನಗಲ್ಲ ಅಂತ ಗೌರವವಾಗಿ ಹೊರಟುಹೋಗುತ್ತಾಳೆ. ಇಡೀ ಗುಂಪಿನಲ್ಲಿ ಬುದ್ಧಿವಂತೆ ಅವಳೊಬ್ಬಳೇ.

ಆ ಸಿನಿಮಾದಲ್ಲಿ ಸುಂಟರಗಾಳಿಯ ಒಳಗನ್ನು ಅಳೆಯಲು ಇಡುವ ಪೀಪಾಯಿಯಂಥ ‘ಡೊರೊಥಿ’ ಯಂತ್ರಕ್ಕೆ ನಿಜವಾದ ಅಣ್ಣನೊಬ್ಬನಿದ್ದ, ಹೆಸರು ಟೋಟೋ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಆ ಪೀಪಾಯಿಯನ್ನು ಟ್ರಕ್ಕಿಗೇರಿಸಿಕೊಂಡು ಸುಂಟರಗಾಳಿಯ ದಾರಿಯಲ್ಲಿಡಲು ವರ್ಷಗಟ್ಟಲೆ ಅಲೆದರು. ಗಾಳಿ ನೇರವಾಗಿ ಸಿಗಲೇ ಇಲ್ಲ. 1984ರಲ್ಲಿ ಸಣ್ಣದೊಂದು ಗಾಳಿ ಪಕ್ಕದಲ್ಲೇ ಹಾದುಹೋಗುತ್ತಾ ಅದನ್ನು ಉರುಳಿಸಿಬಿಟ್ಟಿತು. ಎಂಥ ಒಳ್ಳೆಯ ಕಥೆ ಅಲ್ವಾ? ಒಂದು ವಿಚ್ಛೇದನವೂ ಬೇಕಿಲ್ಲ.

ಆದರೆ ಬರಹಗಾರರನ್ನಷ್ಟೇ ಬೈದರೆ ಅನ್ಯಾಯವಾದೀತು. 2024ರಲ್ಲಿ ‘ಟ್ವಿಸ್ಟರ್ಸ್’ ಬಂತು. ಅದರಲ್ಲಿ ಕೊನೆಗೆ ನಾಯಕ ನಾಯಕಿಗೆ ಮುತ್ತು ಕೊಡುವ ದೃಶ್ಯ ತೆಗೆದಿದ್ದರು. ಆಮೇಲೆ ಅದನ್ನು ಕತ್ತರಿಸಿದರು. ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಪ್ರೇಕ್ಷಕರೋ, ಮುತ್ತೆಲ್ಲಿ ಅಂತ ಗಲಾಟೆ ಎಬ್ಬಿಸಿದರು. ನಮ್ಮ ಮನೆಯಲ್ಲೂ ಅಷ್ಟೇ. ಸಿನಿಮಾ ಮುಗಿದು ಹೆಸರುಗಳು ಬರುತ್ತಿದ್ದವು. “ಊರೆಲ್ಲ ಹಾರಿಹೋಯ್ತು, ಇವರಿಬ್ಬರದ್ದು ಏನೂ ಆಗಲೇ ಇಲ್ವಲ್ಲ” ಅಂತ ಅತ್ತೆ ಬೇಜಾರು ಮಾಡಿಕೊಂಡು ಎದ್ದುಹೋದರು.