ಮನೆಮಂದಿಗೆಲ್ಲ ಒಂದೇ ಆಡಿಯೊ ಗೈಡ್

ಮ್ಯೂಸಿಯಮ್ಮಿನಲ್ಲಿ ನೋಡುವುದರ ವಿವರಣೆಯನ್ನು ಕಿವಿಗೆ ಹೇಳುವ ಆಡಿಯೊ ಗೈಡ್ ಮಾಡಿರುವುದು ಒಬ್ಬರ ಎರಡು ಕಿವಿಗೆ. ಮ್ಯೂಸಿಯಮ್ಮಿಗೆ ಬರುವುದು ಮನೆಮಂದಿಯೆಲ್ಲ. ಎಡವಟ್ಟು ಶುರುವಾಗುವುದೇ ಇಲ್ಲಿ.

1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ಇಂಥದ್ದನ್ನು ತಂದಾಗ ಈ ತಕರಾರು ಇರಲಿಲ್ಲ. ಟೇಪಿನ ದನಿ ರೇಡಿಯೊ ಮೂಲಕ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡವರೆಲ್ಲ ಒಟ್ಟಿಗೇ ಕೇಳಿ, ಒಟ್ಟಿಗೇ ಕತ್ತು ತಿರುಗಿಸಬೇಕಿತ್ತು. ಈಗ ವಸ್ತುವಿನ ಪಕ್ಕದ ನಂಬರ್ ನೋಡಿ ಗೈಡಿನಲ್ಲಿ ಒತ್ತಿದವರದ್ದೇ ರಾಜ್ಯ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಅಂಥ ಕಡೆ ಹೆಡ್‌ಫೋನ್ ಅಪ್ಪನ ತಲೆಗೇರಿದರೆ ಮುಗಿಯಿತು. ಅಮ್ಮ "ಏನಂತೆ ರೀ?" ಎಂದರೆ "ತಡಿಯೇ" ಎಂದು ಕೈ ಅಡ್ಡ. ಎಲ್ಲ ಕೇಳಿಸಿಕೊಂಡ ಮೇಲೆ ಸಿಗುವ ವರದಿ: "ಏನಿಲ್ಲ, ದಸರಾ ಮೆರವಣಿಗೆಯಂತೆ." ಅಷ್ಟಕ್ಕೆ ಕಣ್ಣು ಸಾಲದೇ? ಅಜ್ಜಿಗೆ ಹಾಕಿದರೆ ಇನ್ನೊಂದು ಪೇಚು. ಎರಡೂ ಕಿವಿ ಮುಚ್ಚಿದಾಗ ನಮ್ಮ ದನಿಯ ಅಳತೆ ನಮಗೇ ತಪ್ಪುತ್ತದೆ, "ಬಾತ್‌ರೂಮ್ ಎಲ್ಲೋ?" ಎಂಬುದು ಇಡೀ ಮಂಟಪಕ್ಕೆ ಕೇಳುತ್ತದೆ.

ಹಾಗಾಗಿ ಒಂದು ಕಿವಿ ಯಾವಾಗಲೂ ಬಿಟ್ಟಿರಲಿ. 2000ದ ದಶಕದ ಮೊದಲಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಎಂಬ ಸಂಶೋಧನಾ ಕೇಂದ್ರದವರು ಕ್ಯಾಲಿಫೋರ್ನಿಯಾದ ಫಿಲೋಲಿ ಎಂಬ ಹಳೇ ಬಂಗಲೆಯಲ್ಲಿ ಒಂಟಿ ಕಿವಿಯ ಹೆಡ್‌ಸೆಟ್ ಕೊಟ್ಟು, ಜೊತೆಗಾರರ ಗೈಡ್ ಹೇಳುವುದನ್ನು ಕದ್ದು ಕೇಳುವ ಸೌಲಭ್ಯವನ್ನೂ ಇಟ್ಟಿದ್ದರು. ನಮ್ಮ ಮನೆಗಳಲ್ಲಿ ಕದ್ದು ಕೇಳಲು ಯಂತ್ರ ಬೇಕಿಲ್ಲ, ಇರಲಿ.

ಫೋನಿನ ಆ್ಯಪ್ ಆದರೆ ಇಬ್ಬರು ಒಂದೊಂದು ಇಯರ್‌ಬಡ್ ಹಂಚಿಕೊಳ್ಳಬಹುದು. ಮೊದಲು ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಎರಡೂ ಬಡ್‌ಗೆ ಒಂದೇ ದನಿ ಕಳಿಸುವ 'ಮೋನೊ ಆಡಿಯೊ' ಆನ್ ಮಾಡಿ. ಇಲ್ಲದಿದ್ದರೆ ಸ್ಟೀರಿಯೊದಲ್ಲಿ ರಾಜನ ಮಾತು ಮಗನಿಗೆ, ಆನೆಯ ಘೀಳು ಅಮ್ಮನಿಗೆ. ಬಡ್ ತೆಗೆದೊಡನೆ ಆಡಿಯೊ ನಿಲ್ಲುವ ಆಯ್ಕೆಯಿದ್ದರೆ ಆಫ್ ಮಾಡಿ. ತಂತಿಯ ಇಯರ್‌ಫೋನಿಗೆ, ಒಂದೇ ತೂತಿಗೆ ಎರಡು ಇಯರ್‌ಫೋನ್ ಸಿಕ್ಕಿಸಲು ಬಿಡುವ ವೈ ಆಕಾರದ 3.5 ಮಿ.ಮೀ. ಸ್ಪ್ಲಿಟರ್ ಸಾಕು. ದನಿ ತುಸು ಇಳಿಯಬಹುದು. ಮೊಮ್ಮಗ ಮುಂದಿನ ಕೋಣೆಗೆ ಓಡಿದರೆ ತಾತನ ಕತ್ತೂ ಜೊತೆಗೇ ಹೋಗುತ್ತದೆ.

ವಸ್ತುವಿನ ಬಳಿ ಇಟ್ಟ ಬೀಕನ್ ಎಂಬ ಪುಟ್ಟ ಬ್ಲೂಟೂತ್ ಯಂತ್ರದ ಸಂಕೇತ ಹಿಡಿದು, ಹತ್ತಿರ ಹೋದರೆ ತಾನಾಗಿಯೇ ಮಾತಾಡುವ ಗೈಡುಗಳು ಜನಜಂಗುಳಿಯಲ್ಲಿ ತಬ್ಬಿಬ್ಬಾಗುತ್ತವೆ. ಬೀಕನ್ನಿನ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯನ್ನು ನೀರಿನಂಶವೇ ಹೆಚ್ಚಿರುವ ನಮ್ಮ ಮೈ ಹೀರಿಕೊಳ್ಳುತ್ತದೆ. ನಡುವೆ ಜನ ನಿಂತರೆ ಎದುರಿನ ಬೀಕನ್ ಮಂಕಾಗಿ, ಪಕ್ಕದ ಕೋಣೆಯದು ಗೆಲ್ಲುತ್ತದೆ. ಕತ್ತಿಯ ಮುಂದೆ ನಿಂತವರಿಗೆ ವೀಣೆಯ ವಿವರಣೆ. ಫೋನನ್ನು ಬೈಯುತ್ತ ಕುಟ್ಟಬೇಡಿ. ಎರಡು ಹೆಜ್ಜೆ ಸರಿದು ನಿಲ್ಲಿ, ಅಥವಾ ನಂಬರನ್ನೇ ಒತ್ತಿ.

ನಾಲ್ವರಿದ್ದರೆ ಎರಡು ಗೈಡ್ ತೆಗೆದುಕೊಳ್ಳಿ. ನಂಬರ್ ಒತ್ತುವುದು ಮಕ್ಕಳ ಕೆಲಸ, ವಾಲ್ಯೂಮ್ ಹಿರಿಯರದ್ದು. ಒಬ್ಬರು ದನಿ ನಿಲ್ಲಿಸುವ ಬಟನ್ ಒತ್ತಿದರೆ ಎಲ್ಲರೂ ಒತ್ತಬೇಕು. ಹೊರಟಾಗ ಚಪ್ಪಲಿ ಸ್ಟ್ಯಾಂಡಿಗೆ ನುಗ್ಗುವ ಮುಂಚೆ ಎಲ್ಲರ ಕೊರಳನ್ನೊಮ್ಮೆ ನೋಡಿ: ಗೈಡ್ ಇನ್ನೂ ಅಲ್ಲೇ ನೇತಾಡುತ್ತಿದ್ದರೆ, ಅಡವಿಟ್ಟ ಐಡಿ ಕಾರ್ಡ್ ಕೌಂಟರಿನಲ್ಲೇ ಇದೆ.