ರಾತ್ರಿ ಹತ್ತೂವರೆಗೆ ಒಬ್ಬಳೇ ಮನೆಗೆ ಬರುವ ಊರು

ಈ ಸಲ ಬೆಂಗಳೂರಿಗೆ ಹೋಗಿದ್ದಾಗ ರವೀಂದ್ರ ಕಲಾಕ್ಷೇತ್ರದಲ್ಲಿ ಒಂದು ನಾಟಕವಿತ್ತು. ಹೋಗಿಬರ್ತೀನಿ ಅಂದೆ. ಅಣ್ಣ ಪೇಪರಿನಿಂದ ತಲೆ ಎತ್ತದೆಯೇ ಕೇಳಿದ, "ವಾಪಸ್ ಯಾರ ಜೊತೆ ಬರ್ತೀಯಾ?" ಮೆಟ್ರೋ ಇದೆಯಲ್ಲ ಅಂದರೆ, "ವಿಜಯನಗರದಲ್ಲಿ ಇಳಿದ ಮೇಲೆ ನಾಗರಬಾವಿಗೆ? ಆಟೋದವರು ಆ ಹೊತ್ತಿಗೆ ಬರಲ್ಲ, ಬಂದ್ರೂ ಮೀಟರ್ ಹಾಕಲ್ಲ." ಅತ್ತಿಗೆ ನಡುವೆ ಬಂದು, ಭಾನುವಾರ ಬೆಳಗಿನ ಹೊತ್ತು ಏನಾದರೂ ಇದ್ದರೆ ಎಲ್ಲರೂ ಹೋಗೋಣ ಬಿಡು ಅಂದರು. ನನಗೆ ಐವತ್ತು ದಾಟಿದೆ. ಅಣ್ಣನ ಮಾತಿನಲ್ಲಿ ಇದ್ದದ್ದು ಕಾಳಜಿಯೇ, ಗೊತ್ತು. ಆದರೂ ಚುಚ್ಚಿತು. ನಾಟಕಕ್ಕೆ ಹೋಗಲಿಲ್ಲ.

ಮದುವೆಯಾಗಿ ಬಂದಾಗಿನಿಂದ ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಮುಂಬೈ ಒಳ್ಳೆಯದೋ ಬೆಂಗಳೂರು ಒಳ್ಳೆಯದೋ ಎಂಬ ಚರ್ಚೆ ನಮ್ಮ ನೆಂಟರಿಷ್ಟರಲ್ಲಿ ಪ್ರತಿ ಮದುವೆಮನೆಯಲ್ಲೂ ನಡೆಯುತ್ತದೆ. ಹವೆ, ನೀರು, ಬಾಡಿಗೆ, ಟ್ರಾಫಿಕ್ಕು ಎಲ್ಲವೂ ಬರುತ್ತವೆ. ಕತ್ತಲಾದ ಮೇಲೆ ಆ ಊರಿನಲ್ಲಿ ಹೆಂಗಸರು ಎಲ್ಲಿರುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಅದೇ ಮೊದಲ ಪ್ರಶ್ನೆ.

ಮುಂಬೈಯ ಮಾಟುಂಗಾದಲ್ಲಿ ಕನ್ನಡಿಗರ ಮೈಸೂರು ಅಸೋಸಿಯೇಷನ್ ಇದೆ. 1926ರಲ್ಲಿ ಶುರುವಾದದ್ದು. ಅಲ್ಲಿ ಕನ್ನಡ ನಾಟಕ ಮುಗಿಯುವಾಗ ಒಮ್ಮೊಮ್ಮೆ ಹತ್ತು ಹೊಡೆದಿರುತ್ತದೆ. ಸೀರೆಯುಟ್ಟು ಬಂದ ಹೆಂಗಸರು ಎದ್ದು, ನಾಟಕದ ಗುಣದೋಷ ಮಾತಾಡಿಕೊಳ್ಳುತ್ತಾ ನಡೆದೇ ಸ್ಟೇಷನ್ನಿಗೆ ಬರುತ್ತೇವೆ. ಒಬ್ಬರು ಮುಲುಂಡಿಗೆ, ಒಬ್ಬರು ಘಾಟ್ಕೋಪರಿಗೆ. ನಾನು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಹತ್ತಿ ಕುರ್ಲಾದಲ್ಲಿ ಇಳಿದು ಫಾಸ್ಟ್ ಲೋಕಲ್ ಹಿಡಿಯುತ್ತೇನೆ. ವಾಪಸ್ ಯಾರ ಜೊತೆ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ.

ಆ ಹೊತ್ತಿನ ಲೇಡೀಸ್ ಡಬ್ಬಿಯನ್ನು ನನ್ನ ಅಣ್ಣನಿಗೆ ಒಮ್ಮೆ ತೋರಿಸಬೇಕು. ಸೀರೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಕಾಲು ಬಾತ ಹುಡುಗಿಯರು, ಕೇಟರಿಂಗ್ ಕೆಲಸ ಮುಗಿಸಿದವರು, ಟ್ಯೂಷನ್ ಟೀಚರು. ಕೂದಲಿನ ಕ್ಲಿಪ್ಪು ಮಾರುವವಳು ರಟ್ಟಿನ ಹಾಳೆಗಳನ್ನು ಕೊಕ್ಕೆಯಿಂದ ಹಿಡಿಕೆಗೆ ನೇತುಹಾಕಿ ಒಂದು ಸ್ಟೇಷನ್ನಿನಷ್ಟು ಹೊತ್ತು ಅಂಗಡಿ ಇಡುತ್ತಾಳೆ; ಅಷ್ಟರಲ್ಲೇ ಚೌಕಾಸಿ ಮುಗಿದಿರುತ್ತದೆ. ಒಂದು ರಾತ್ರಿ ನನ್ನ ಪಕ್ಕದಲ್ಲಿ ಕೂತ ನರ್ಸ್ ಹುಡುಗಿ "ಥಾಣೆ ಬಂದ್ರೆ ಎಬ್ಬಿಸಿ" ಅಂದವಳೇ ನಿದ್ದೆಹೋದಳು. ಥಾಣೆ ಬರುವ ಹೊತ್ತಿಗೆ ಅವಳನ್ನು ಎಬ್ಬಿಸಲು ಇಡೀ ಸಾಲು ಕೈಚಾಚಿತ್ತು. ಬಾಗಿಲ ಹತ್ತಿರ ರಾತ್ರಿ ಪಾಳಿಯ ಪೊಲೀಸಿನವನು. ಬರೀ ಹೆಂಗಸರಿಗಾಗಿ ಇಡೀ ಗಾಡಿಯನ್ನೇ 1992ರಲ್ಲಿ ಚರ್ಚ್‌ಗೇಟಿನಿಂದ ಬೋರಿವಲಿಗೆ ಬಿಟ್ಟ ಊರಿದು.

ಡೊಂಬಿವಲಿಯಲ್ಲಿ ಇಳಿದರೆ ಶೇರ್ ಆಟೋ ಸಾಲು. ಹಿಂದೆ ಮೂರು ಜನ, ದರ ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಯ ಸವಾರಿ ನಾನೇ ಆದರೆ, ನಾನು ಸೊಸೈಟಿಯ ಗೇಟು ದಾಟುವ ತನಕ ಹೆಡ್‌ಲೈಟ್ ತಿರುಗಿಸದೆ ನಿಂತ ಆಟೋದವರಿದ್ದಾರೆ.

ಇದೆಲ್ಲ ಮರಾಠಿ ಮಂದಿ ನಮಗಿಂತ ಒಳ್ಳೆಯವರು ಅಂತಲ್ಲ. ಗಾಡಿ ಹೆಚ್ಚುಕಡಿಮೆ ರಾತ್ರಿ ಒಂದರವರೆಗೆ ಓಡುತ್ತದೆ, ಮತ್ತೆ ನಸುಕಿಗೇ ಶುರು. ಗಾಡಿ ಇರುವುದಕ್ಕೆ ಜನ, ಜನ ಇರುವುದಕ್ಕೆ ವಡಾಪಾವಿನವನು, ಹೂವಿನವಳು, ಮೆಡಿಕಲ್ ಶಾಪು. ಅವರೆಲ್ಲ ಇರುವುದಕ್ಕೇ ನನ್ನಂಥವಳಿಗೆ ಧೈರ್ಯ.

1905ರಲ್ಲೇ ಸಿಟಿ ಮಾರ್ಕೆಟ್ಟಿನ ಹತ್ತಿರ ಬೀದಿಗೆ ಕರೆಂಟ್ ದೀಪ ಹಾಕಿಸಿಕೊಂಡ ಊರು ನಮ್ಮ ಬೆಂಗಳೂರು. ಅದೇ ಊರಿನ ಲೇಔಟುಗಳಲ್ಲಿ ಒಂಬತ್ತಕ್ಕೆ ಮನೆಮನೆಯ ಗೇಟಿಗೂ ಬೀಗ. ದೀಪ ಮರದ ಎಲೆಗಳೊಳಗೆ ಉರಿಯುತ್ತಿರುತ್ತದೆ, ಫುಟ್‌ಪಾತ್ ಮೇಲೆ ಕಾರು ನಿಂತಿರುತ್ತದೆ. ಮೆಟ್ರೋ 2011ರಲ್ಲೇ ಬಂತು, ಚೆನ್ನಾಗಿಯೂ ಇದೆ. ಆದರೆ ಸ್ಟೇಷನ್ನಿನಿಂದ ಮನೆಯವರೆಗಿನ ಆ ಎರಡು ಕಿಲೋಮೀಟರು ಯಾರಿಗೂ ಸೇರಿಲ್ಲ. ಸಬ್‌ಅರ್ಬನ್ ರೈಲಿಗೆ ಪ್ರಧಾನಿ 2022ರಲ್ಲಿ ಅಡಿಗಲ್ಲು ಹಾಕಿದರು. ಜನ ಇನ್ನೂ ಕಾಯುತ್ತಿದ್ದಾರೆ. ಕೇಳಿದರೆ ಕ್ಯಾಬ್ ಬುಕ್ ಮಾಡು, ಲೊಕೇಶನ್ ಕಳಿಸು, ಹತ್ತಿದ ತಕ್ಷಣ ಫೋನ್ ಮಾಡು ಅನ್ನುತ್ತಾರೆ. ಒಬ್ಬಳು ನಾಟಕ ನೋಡಿಬರಲು ಮನೆಮಂದಿಯೆಲ್ಲ ಎಚ್ಚರವಿರಬೇಕು. ಆಮೇಲೆ ಅವಳಿಗೇ ಮುಜುಗರವಾಗಿ ಹೋಗುವುದನ್ನೇ ಬಿಡುತ್ತಾಳೆ. ನನ್ನ ಅತ್ತಿಗೆ ಬಿಟ್ಟದ್ದು ಹಾಗೆಯೇ. ಕಾಲೇಜಿನಲ್ಲಿ ನಾಟಕದಲ್ಲಿ ಪಾರ್ಟು ಮಾಡಿದ ಹೆಂಗಸು ಅವರು.

ಮುಂಬೈ ಕೊಟ್ಟದ್ದಕ್ಕೆ ಬೆಲೆಯನ್ನೂ ವಸೂಲು ಮಾಡಿದೆ, ಅದನ್ನು ಹೇಳದೆ ಬಿಡಲಾಗದು. ನಮ್ಮ ಇಡೀ ಮನೆ ಅಣ್ಣನ ಹಾಲಿನಷ್ಟಿದೆ. ತುಳಸಿಗೆ ಕಿಟಕಿಯ ಗ್ರಿಲ್ಲೇ ಗತಿ. ಬೆಳಗಿನ ಗಾಡಿಯಲ್ಲಿ ಉಸಿರಾಡಲು ಜಾಗವಿರುವುದಿಲ್ಲ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ಜೋತಾಡುತ್ತಿದ್ದವರು ಬಿದ್ದು ಸತ್ತರು, ಅದು ನಾನು ದಿನಾ ಓಡಾಡುವ ಲೈನು. 2013ರಲ್ಲಿ ಪತ್ರಿಕಾ ಛಾಯಾಗ್ರಾಹಕಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರವಾದ ಶಕ್ತಿ ಮಿಲ್ಸ್ ಘಟನೆ ನಡೆದದ್ದೂ ಇದೇ ಮುಂಬೈಯಲ್ಲಿ. ಆ ವಾರವೆಲ್ಲ ಡಬ್ಬಿಯಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು.

ಕರ್ನಾಟಕ 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ್ದೂ ಸಣ್ಣ ಮಾತಲ್ಲ. ದೊಡ್ಡಮ್ಮ ಈಗ ಆಧಾರ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಯಾರ ಕೈ ಕಾಯದೆ ಧರ್ಮಸ್ಥಳಕ್ಕೆ ಹೋಗಿಬರುತ್ತಾರೆ. ಇಲ್ಲಿ ನಾನು ಪಾಸಿಗೆ ದುಡ್ಡು ಕಟ್ಟುತ್ತೇನೆ. ಬಸ್ಸಿನ ಖರ್ಚು ತೆಗೆದ ಸರ್ಕಾರ ಬಸ್‌ಸ್ಟಾಪಿನ ಕತ್ತಲನ್ನೂ ತೆಗೆಯಬಹುದಿತ್ತು ಎಂಬುದಷ್ಟೇ ನನ್ನ ತಕರಾರು.

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಬರುವ ತಿಂಗಳು ಹೋಗುತ್ತಾಳೆ. ಮಾವನ ಮನೆಯಲ್ಲೇ ಇರಲಿ ಎಂದು ಎಲ್ಲರ ಆಸೆ. ನಾನು ಬೇಡ ಎಂದಿದ್ದೇನೆ. ಮೆಟ್ರೋ ಸ್ಟೇಷನ್ನಿಗೆ ನಡೆಯುವಷ್ಟು ದೂರದಲ್ಲಿ, ರಾತ್ರಿ ಹತ್ತರವರೆಗೂ ದರ್ಶಿನಿ ತೆರೆದಿರುವ ಬೀದಿಯಲ್ಲಿ ರೂಮು ಹುಡುಕುತ್ತಿದ್ದೇವೆ. ಅಂಥ ಕಡೆ ಬಾಡಿಗೆ ಜಾಸ್ತಿ. ಜಾಸ್ತಿಯಾದದ್ದನ್ನು ನಾನು ಕೊಡುತ್ತೇನೆ.